ನನ್ನ ಪಾದದ ಅಳತೆಯ ಗುಂಡಿ

ಅಳತೆ ಕೈಗೆ ಸಿಗುವ ಮೊದಲೇ ನಾನು ಕೆಲಸ ಶುರು ಮಾಡಿದ್ದು ಅದೊಂದೇ ಸಲ. ಹೊನ್ನವಳ್ಳಿ ಕಡೆಯ ಒಂದು ತೆಂಗಿನ ತೋಟ. ಬೆಳಿಗ್ಗೆ ಆ ಮನೆಯ ಯಜಮಾನರ ತಮ್ಮ ಫೋನ್ ಮಾಡಿದರು. ತುಮಕೂರಿನ ಆಸ್ಪತ್ರೆಯವರು ಇನ್ನು ನಮ್ಮ ಕೈಲಾಗಲ್ಲ ಎಂದು ಕೈಚೆಲ್ಲಿ ಮನೆಗೆ ಕಳಿಸಿದ್ದಾರೆ, ಅಣ್ಣ ಆಂಬುಲೆನ್ಸಿನಲ್ಲೇ ಹೋಗಿಬಿಟ್ಟನಂತೆ, ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು, ಹಾರೆ ಗುದ್ದಲಿ ತಗೊಂಡು ಬೇಗ ಬಾ ಅಂದರು.

ನಮ್ಮದು ಬಾವಿ ತೋಡುವವರ ಮನೆ. ಬೋರ್‌ವೆಲ್ ಬಂದು ಬಾವಿ ಹೋಯಿತು, ಸಮಾಧಿ ಗುಂಡಿ ಉಳಿಯಿತು. ಈ ಸೀಮೆಯ ಶಿವಭಕ್ತರ ಮನೆಗಳಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಪದ್ಮಾಸನ ಹಾಕಿ ಕೂರಿಸುತ್ತಾರೆ. ಗುಂಡಿಗೆ ಇಳಿಯಲು ಮೆಟ್ಟಿಲು ಬಿಡಬೇಕು. ಮೆಟ್ಟಿಲಿನ ಎದುರಿಗೆ ಗೋಡೆಯಲ್ಲಿ ಒಬ್ಬರು ಕೂರುವಷ್ಟು ಗೂಡು ಕೊರೆಯಬೇಕು. ಇದಕ್ಕೆಲ್ಲ ಟೇಪು ಹಿಡಿಯುವ ಪದ್ಧತಿ ಇಲ್ಲ. ಸತ್ತವರ ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ಒಂದು ಕಡ್ಡಿ ಹಿಡಿದು ಮುರಿದುಕೊಂಡರೆ ಅದೇ ನಮ್ಮ ಅಳತೆಗೋಲು. ಉದ್ದ, ಅಗಲ, ಆಳ, ಗೂಡಿನ ಎತ್ತರ, ಎಲ್ಲವೂ ಅವರವರ ಪಾದದ ಲೆಕ್ಕ. ಕೆಲಸ ಮುಗಿದ ಮೇಲೆ ಆ ಕಡ್ಡಿಯನ್ನು ಅವರ ಮಡಿಲಲ್ಲೇ ಇಟ್ಟು ಮುಚ್ಚುತ್ತೇವೆ.

ಅವತ್ತು ಪಾದವೇ ಇನ್ನೂ ಊರು ತಲುಪಿರಲಿಲ್ಲ, ಆಂಬುಲೆನ್ಸ್ ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಜೆಸಿಬಿ ತರಿಸೋಣವೆಂದರೆ ಸಾಲಿನ ತುಂಬ ಡ್ರಿಪ್ ಪೈಪು. ಕೈಯಲ್ಲೇ ತೋಡಬೇಕು, ಹೊತ್ತು ಬೇರೆ ಏರುತ್ತಿತ್ತು. ಯಜಮಾನರ ತಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಣ್ಣ ನಿನ್ನಷ್ಟೇ ಆಳು ಕಣಪ್ಪ. ನಿನ್ನ ಕಾಲೇ ಇಟ್ಟು ಅಳ್ಕೊ. ಹೆಚ್ಚುಕಮ್ಮಿ ಒಂದೇ."

ಸರಿ ಅನ್ನಿಸಿತು. ತೆಂಗಿನ ಕಡ್ಡಿಯೊಂದನ್ನು ನೆಲದ ಮೇಲಿಟ್ಟು, ಪಕ್ಕದಲ್ಲಿ ನನ್ನ ಪಾದ ಊರಿ, ಹೆಬ್ಬೆರಳ ತುದಿಗೆ ಮುರಿದೆ. ಚಟ್ ಅಂತ ಸದ್ದಾಯಿತು. ಅಷ್ಟು ಸಣ್ಣ ಸದ್ದಿಗೆ ಎದೆ ಯಾಕೆ ಝಲ್ಲೆಂದಿತೋ ಅವತ್ತು ತಿಳಿಯಲಿಲ್ಲ.

ಮೇಲಿನ ಕೆಮ್ಮಣ್ಣು ಸಲೀಸಾಗಿ ಬಂತು. ಸೊಂಟದ ಆಳಕ್ಕೆ ಹೋಗುವ ಹೊತ್ತಿಗೆ ತೆಂಗಿನ ಬೇರು ಶುರುವಾಯಿತು, ಹುರಿಯಂತೆ ಹೆಣೆದುಕೊಂಡು. ಗುದ್ದಲಿ ಬಿದ್ದಲ್ಲೆಲ್ಲ ತುಂಡಾದ ಬೇರಿನ ತುದಿಯಲ್ಲಿ ನೀರು ಜಿನುಗುತ್ತಿತ್ತು. ಅದರ ಕೆಳಗೆ ಗರಸು, ಕಲ್ಲು ಬೆರೆತ ಗಟ್ಟಿ ಮಣ್ಣು. ಅಲ್ಲಿ ಹಾರೆ ಹಾಕಿ ಗೋಡೆ ಕೆತ್ತಿ, ಗೂಡು ಕೊರೆದು, ನೆಲ ಸವರಿದೆ.

ಕೊನೆಗೆ ಒಂದು ಕೆಲಸ ಇರುತ್ತದೆ. ಗೂಡಿನಲ್ಲಿ ನಾನೇ ಚಕ್ಕಳಮಕ್ಕಳ ಹಾಕಿ ಕೂತು ನೋಡಬೇಕು. ತಲೆ ತಾಗಬಾರದು, ಮಂಡಿ ಗೋಡೆಗೆ ಒತ್ತಬಾರದು. ಎಷ್ಟೋ ಗುಂಡಿಗಳಲ್ಲಿ ಕೂತಿದ್ದೇನೆ. ಎಲ್ಲಾದರೂ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇದ್ದೇ ಇರುತ್ತದೆ, ಕೂತ ತಕ್ಷಣ ಏಳುವ ಹಾಗಾಗುತ್ತದೆ. ಇದು ಹಾಗಲ್ಲ. ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಹೊಂದಿತು. ಬೆನ್ನು ಗೋಡೆಗೆ ಒರಗಿತು. ಮೇಲಿನ ಮಾತು, ಫೋನಿನ ರಿಂಗು, ಕಾಗೆ, ಎಲ್ಲ ಎಲ್ಲೋ ದೂರದ ಊರಿನದಾಯಿತು. ತಂಪು. ಒದ್ದೆ ಬೇರಿನ ವಾಸನೆ. ಮೇಲೆ ಚೌಕಾಕಾರದ ಆಕಾಶ, ಅದಕ್ಕೆ ಅಡ್ಡವಾಗಿ ಒಂದು ಗರಿ. ಮೈಯಲ್ಲಿದ್ದ ದಣಿವೆಲ್ಲ ನೆಲಕ್ಕೆ ಇಳಿದು ಹೋಗುತ್ತಿತ್ತು. ಏಳಬೇಕು ಅನ್ನಿಸಲೇ ಇಲ್ಲ. ಇಷ್ಟೇನಾ, ಇದಕ್ಕೇನಾ ಜನ ಅಷ್ಟು ಹೆದರೋದು, ಇಲ್ಲೇ ಇದ್ದುಬಿಟ್ಟರೆ ಏನು ಗಂಟು ಹೋಗುತ್ತದೆ ಎಂದು ಯಾರೋ ನನ್ನೊಳಗೇ ನಿಧಾನಕ್ಕೆ ಕೇಳುತ್ತಿದ್ದರು. ಶಿವನಾಣೆ, ಆ ದನಿ ನನ್ನದೇ.

ಎಷ್ಟು ಹೊತ್ತು ಕೂತಿದ್ದೆನೋ. ಅಂಚಿನಲ್ಲಿ ಯಜಮಾನರ ತಮ್ಮನ ತಲೆ ಕಾಣಿಸಿತು.

"ಲೇ, ಮೇಲಕ್ಕೆ ಬಾರ್ಲಾ! ಅಣ್ಣ ಕಣ್ಣು ಬಿಟ್ಟವ್ನಂತೆ ಕಣ್ಲಾ! ಕೆ.ಬಿ. ಕ್ರಾಸ್ ದಾಟ್ತಾ ಇದ್ದಂಗೆ ಮಾತಾಡಿದ್ನಂತೆ!"

ಎದ್ದು ಬಂದೆ. ಮೇಲೆ ಪೇಚಾಟವೋ ಪೇಚಾಟ. ಆ ಪುಣ್ಯಾತ್ಮ ಆಗಲೇ ವಾಟ್ಸಾಪ್ ಗುಂಪಿನಲ್ಲಿ ಅಣ್ಣನ ಫೋಟೋ ಹಾಕಿ ಲಿಂಗೈಕ್ಯರಾದರು ಎಂದು ಬರೆದುಬಿಟ್ಟಿದ್ದರು. ಕೈಮುಗಿದ ಚಿತ್ರಗಳು ಒಂದರ ಹಿಂದೆ ಒಂದು ಬೀಳುತ್ತಿದ್ದವು. ಅದನ್ನು ಅಳಿಸುವುದು ಹೇಗೆಂದು ಅವರು ನನ್ನನ್ನೇ ಕೇಳಿದರು, ನನಗೇನು ಗೊತ್ತು! ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಯಜಮಾನರನ್ನು ಇಳಿಸುವಾಗ ನಾನೂ ಕೈ ಕೊಟ್ಟೆ. ಬತ್ತಿ ಕಡ್ಡಿಯಾಗಿದ್ದರು, ಆದರೆ ಕಣ್ಣು ಪಿಳಿಪಿಳಿ ಆಡುತ್ತಿತ್ತು.

ಈಗ ಗುಂಡಿಯ ಗತಿ? ತೆಗೆದ ಗುಂಡಿ ಬಾಯಿ ತೆರೆದುಕೊಂಡು ಇರಬಾರದು, ಇದ್ದರೆ ಯಾರನ್ನಾದರೂ ಕೇಳುತ್ತದೆ ಅನ್ನುತ್ತಾರೆ. ಮುಚ್ಚೋಣವೆಂದರೆ, ಬದುಕಿರುವವನ ಗುಂಡಿಗೆ ಮಣ್ಣೆಳೆದರೆ ಅವನ ಮೇಲೇ ಮಣ್ಣೆಳೆದಂತೆ. ಯಜಮಾನರ ತಮ್ಮ ತಲೆ ಕೆರೆದುಕೊಂಡು, "ಇನ್ನೊಂದೆರಡು ದಿನ ನೋಡಾನ ಬುಡು" ಅಂದರು. ಆ ಮಾತಿನ ಅರ್ಥ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ನೆಲ ನೋಡಿದೆವು. ಗುಂಡಿಯ ಬಾಯಿಗೆ ಅಡಿಕೆ ಮರದ ದಬ್ಬೆ ಅಡ್ಡ ಹಾಕಿ, ಮೇಲೆ ಗರಿ ಮುಚ್ಚಿದೆ. ಕರು ಕುರಿ ಬಿದ್ದಾವು, ದಿನಾ ಒಂದು ಸಲ ಬಂದು ನೋಡಿಕೊಂಡು ಹೋಗು ಎಂದು ನನಗೆ ಒಪ್ಪಿಸಿದರು.

ಮನೆಗೆ ಹೋಗುವಾಗ ನೋಡುತ್ತೇನೆ, ಕಡ್ಡಿ ನನ್ನ ಅಂಗಿಯ ಜೇಬಿನಲ್ಲೇ ಇದೆ. ಎಸೆಯಲು ಕೈ ಬರಲಿಲ್ಲ. ಎಸೆದರೆ ಅದು ಯಾರ ಪಾಲಾಗುತ್ತದೋ. ಮುರಿದರೆ ನನ್ನ ಕಾಲೇ ಮುರಿದಂತೆ. ಯಾರ ಮಡಿಲಲ್ಲಿ ಇಡಬೇಕೋ ಅವರಿಗೆ ಅದು ಸೇರಿದ್ದೇ ಅಲ್ಲ. ಆ ತೋಟದಲ್ಲಿ ನನ್ನ ಪಾದದ ಅಳತೆಗೆ ತೆಗೆದ ಗುಂಡಿಯೊಂದು ಬಾಯಿ ತೆರೆದುಕೊಂಡಿದೆ, ಅದು ನನಗೆ ಮಾತ್ರ ಸರಿಹೊಂದುತ್ತದೆ ಅನ್ನುವ ಮಾತು ತಲೆಯಲ್ಲಿ ಕೂತಿತು. ಕೂತದ್ದು ಏಳಲಿಲ್ಲ.

ದಿನಾ ಮಧ್ಯಾಹ್ನ ಹೋಗುತ್ತಿದ್ದೆ. ತೆಂಗಿನ ತೋಟದ ಮಟಮಟ ಮಧ್ಯಾಹ್ನ ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಗಾಳಿ ನಿಂತಿರುತ್ತದೆ, ಆದರೂ ಎತ್ತರದಲ್ಲಿ ಎಲ್ಲೋ ಒಂದೇ ಒಂದು ಗರಿ ಆಡುತ್ತಿರುತ್ತದೆ. ಧೊಪ್ಪೆಂದು ಕಾಯಿ ಬೀಳುತ್ತದೆ, ಯಾವ ಮರದ್ದು ಎಂದು ತಿರುಗಿ ನೋಡಿದರೆ ತಿಳಿಯುವುದಿಲ್ಲ. ಗರಿ ಸರಿಸಿ ಬಗ್ಗಿ ನೋಡುತ್ತಿದ್ದೆ. ಗೂಡಿನ ನೆಲದಲ್ಲಿ ನಾನು ಕೂತ ಗುರುತು ಹಾಗೇ ಇತ್ತು. ಇರುವೆ ಓಡಾಡಿತ್ತು, ಗೋಡೆಯಿಂದ ಹುಡಿಮಣ್ಣು ಉದುರಿತ್ತು, ಆ ಗುರುತಿನ ಮೇಲೆ ಮಾತ್ರ ಒಂದು ಕಾಳು ಮಣ್ಣೂ ಬಿದ್ದಿರಲಿಲ್ಲ. ಈಗತಾನೇ ಯಾರೋ ಎದ್ದು ಹೋದಂತೆ, ಇಲ್ಲವೇ ಯಾರಿಗೋ ಜಾಗ ಹಿಡಿದಿಟ್ಟಂತೆ. ಕತ್ತರಿಸಿದ ಬೇರುಗಳಿಂದ ನೀರು ಜಿನುಗುವುದು ನಿಂತು, ತುದಿಗಳು ಕಪ್ಪಾಗಿ ಒಳಮುಖಕ್ಕೆ ಬಾಗಿದ್ದವು. ಒಂದು ದಿನ ನೋಡುತ್ತಾ ನೋಡುತ್ತಾ ನನ್ನ ಒಂದು ಕಾಲು ಮೊದಲ ಮೆಟ್ಟಿಲ ಮೇಲೆ ಇತ್ತು. ಯಾವಾಗ ಇಟ್ಟೆ ಅನ್ನುವುದು ಗೊತ್ತೇ ಆಗಿರಲಿಲ್ಲ. ಕಾಲು ಕಿತ್ತುಕೊಂಡು ರಸ್ತೆಯ ತನಕ ಓಡಿದೆ.

ಆಮೇಲೆ ಕಣ್ಣಿಗೆ ಪಾದ ಅಂಟಿಕೊಂಡವು. ತಿಪಟೂರಿನ ಬಸ್ಸಿನಲ್ಲಿ ಮುಖ ನೋಡುತ್ತಿರಲಿಲ್ಲ, ಚಪ್ಪಲಿ ನೋಡುತ್ತಿದ್ದೆ. ಇವರಿಗೆ ಇಷ್ಟು ಆಳ, ಇವರಿಗೆ ಗೂಡು ಚಿಕ್ಕದು ಸಾಕು. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟರೆ, ಇಷ್ಟೆಲ್ಲ ಓಡಾಡಿ ಇವನೂ ಕೊನೆಗೆ ಚಕ್ಕಳಮಕ್ಕಳ ಕೂರುವವನೇ ತಾನೇ ಅನ್ನಿಸುತ್ತಿತ್ತು. ಎಲ್ಲರೂ ಹೋಗುವುದು ಅಲ್ಲಿಗೇ ಆದರೆ ಬೆಳಿಗ್ಗೆ ಎದ್ದು ಮುಖ ಯಾಕೆ ತೊಳೆಯಬೇಕು? ಬಾಯಿಗಿಟ್ಟ ತುತ್ತು ಮಣ್ಣು ಮಣ್ಣು ಅನ್ನಿಸುತ್ತಿತ್ತು. ನನಗೆ ಸಾಯುವ ಆಸೆ ಇರಲಿಲ್ಲ, ಅದನ್ನು ನೆಟ್ಟಗೆ ಹೇಳುತ್ತೇನೆ. ಆದರೆ ಬದುಕುವುದಕ್ಕೆ ಕಾರಣ ಹೇಳು ಎಂದು ಯಾರಾದರೂ ಕೇಳಿದ್ದರೆ ಬಾಯಿ ಕಟ್ಟುತ್ತಿತ್ತು.

ಒಂದು ಬೆಳಿಗ್ಗೆ ನನ್ನ ಹೆಂಡತಿ ಜಗಲಿಯಲ್ಲಿ ಕಾಲು ಚಾಚಿ ರಾಗಿ ಕೇರುತ್ತಿದ್ದಳು. ನಾನು ಎದುರಿಗೆ ಕೂತಿದ್ದೆ. ಮೊರ ನಿಂತಿತು.

"ಏನಯ್ಯಾ, ನಂಗೂ ಅಳತೆ ತಗೀತಾ ಇದ್ದೀಯಾ?"

ಅವಳು ಕಾಲು ಮಡಚಿ ಸೀರೆಯೊಳಗೆ ಎಳೆದುಕೊಂಡಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಾವು ಬಂದರೆ ಕೋಲು ತಗೊಂಡು ಹೋಗುವ ಹೆಂಗಸು.

"ಉಣ್ಣಂಗಿಲ್ಲ, ಆಡಂಗಿಲ್ಲ, ಮಧ್ಯಾಹ್ನ ಆಯ್ತು ಅಂದ್ರೆ ಆ ತೋಟದ ದಾರಿ ಹಿಡೀತೀಯ. ನಂಗೇನು ಕಣ್ಣಿಲ್ವಾ? ನೀನು ನನ್ನ ಬುಟ್ಟು ಆ ಗುಂಡಿ ತಾವ್ಕೆ ಹೋಗ್ತಾ ಇದ್ದೀಯ ಕಣಯ್ಯ. ಮೊದ್ಲು ಅದನ್ನ ಮುಚ್ಚಿ ಬಾ. ಇಲ್ಲಾಂದ್ರೆ ನಾನೇ ಬಂದು ಮಣ್ಣೆಳೀತೀನಿ, ಯಾವ ಯಜಮಾನ ಏನಂತಾನೋ ನೋಡ್ತೀನಿ." ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ನನಗೂ ತಡೆಯಲಾಗಲಿಲ್ಲ.

ಅವತ್ತೇ ಹೋದೆ. ಮೊದಲು ಯಜಮಾನರ ತಮ್ಮನನ್ನು ಕೇಳಿದೆ. "ಆಗಲ್ಲ ಕಣಪ್ಪ, ಅಣ್ಣ ಈಗ ಗಂಜಿ ಕುಡೀತಾ ಅವ್ನೆ. ಈಗ ಮಣ್ಣೆಳೆದು ನಾಳೆ ಏನಾದ್ರೂ ಆದ್ರೆ ನನ್ನ ತಲೇಗೆ ಬರ್ತದೆ" ಅಂದರು. ಹಾಗಾದರೆ ಯಾರ ಗುಂಡಿಯೋ ಅವರನ್ನೇ ಕೇಳುವುದು ಎಂದು ತೀರ್ಮಾನ ಮಾಡಿದೆ. ಬಾಗಿಲಲ್ಲಿ ಯಜಮಾನರ ಸೊಸೆ ತಡೆದಳು. "ಅಣ್ಣ, ನಿನ್ನ ದಮ್ಮಯ್ಯ, ಆ ವಿಚಾರ ಎತ್ಬೇಡ. ಮಾವಂಗೆ ಗೊತ್ತಿಲ್ಲ."

ಒಳಗಿಂದಲೇ ದನಿ ಬಂತು. "ಯಾರ್ಲಾ ಅದು? ಬಾ ಬಾ. ನನ್ನ ಗುಂಡಿ ಹೆಂಗೈತೆ?"

ಸೊಸೆ ಹೊಸಿಲಲ್ಲೇ ನಿಂತಳು. ಯಜಮಾನರು ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು.

"ಆಂಬುಲೆನ್ಸಿಂದ ಇಳಿಸ್ತಾ ಇದ್ದಾಗ ನೋಡ್ದೆ, ನಿನ್ನ ಮೈಯೆಲ್ಲ ಕೆಮ್ಮಣ್ಣು. ಬದನೆ ಪಾತಿ ಮಾಡ್ತಿದ್ದ ಅಂದ್ಕಳಾನಾ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ದಂಗೆ, ಆತ್ರಗೆಟ್ಟ ನನ್ಮಕ್ಳು."

"ಅದು ನಿಮ್ಮ ಗುಂಡಿ ಅಲ್ಲ ಯಜಮಾನ್ರೇ" ಎಂದೆ. "ನಂದು."

ಕಡ್ಡಿ ತೆಗೆದು ತೋರಿಸಿ ಎಲ್ಲ ಹೇಳಿದೆ. ಅವರು ನಗಲಿಲ್ಲ. ಸ್ವಲ್ಪ ಮುಂದಕ್ಕೆ ಬಾಗಿದರು.

"ಒಳಗೆ ಕೂತಿದ್ದಾ?"

"ಕೂತಿದ್ದೆ."

"ಹೆಂಗಿತ್ತು?"

ಇದನ್ನು ಅಲ್ಲಿಯ ತನಕ ಯಾರೂ ನನ್ನನ್ನು ಕೇಳಿರಲಿಲ್ಲ. ಅವರ ಕಣ್ಣು ನೋಡಿದೆ. ಹುಡುಗಾಟಕ್ಕೆ ಕೇಳಿದ್ದಲ್ಲ, ಹೋಗಬೇಕಾದ ಊರಿನ ದಾರಿ ಕೇಳಿದ ಹಾಗೆ ಕೇಳಿದ್ದರು.

"ತಂಪಾಗಿತ್ತು. ಸದ್ದಿಲ್ಲ. ಸುಸ್ತೆಲ್ಲ ಇಳಿದೋದಂಗೆ ಆಯ್ತು."

"ಭಯ ಆಯ್ತಾ?"

"ಇಲ್ಲ ಯಜಮಾನ್ರೇ. ಆಗ್ಲೇ ಇಲ್ಲ. ಅದಕ್ಕೇ ಈಗ ಭಯ."

ಅವರು ತಲೆಯಾಡಿಸಿದರು.

"ನಂಗೂ ಹಂಗೇ ಕಣ್ಲಾ. ಆಂಬುಲೆನ್ಸಲ್ಲಿ ಒಂದು ಗಳಿಗೆ ಎಲ್ಲ ಹಗುರ ಆಗ್ಬುಡ್ತು. ಕೆಮ್ಮಿಲ್ಲ, ನೋವಿಲ್ಲ. ಇವ್ರು ಅಳೋದು ಕೇಳ್ತೈತೆ, ಆದ್ರೆ ಯಾರೋ ಬೇರೆಯವ್ರ ಮನೇಲಿ ಅಳ್ತಾ ಅವ್ರೆ ಅನ್ನಂಗೆ. ಹೋಗ್ಬುಡಾನ ಅಂತಿದ್ದೆ. ಅಷ್ಟ್ರಲ್ಲಿ ಇವ್ಳು, ಈ ನನ್ನ ಸೊಸೆ, ಅಳ್ತಾ ಅಳ್ತಾ ಏನಂದ್ಲು ಗೊತ್ತಾ? ಅಯ್ಯೋ ಮಾವ, ಅಟ್ಟದ ಬೀಗದ ಕೈ ಎಲ್ಲಿಟ್ಟಿದ್ದೀರಿ ಅಂತಾನೂ ಹೇಳ್ದೆ ಹೋದ್ರಲ್ಲಾ ಅಂದ್ಲು. ಇಡೀ ವರ್ಷದ ಕೊಬ್ಬರಿ ಅಟ್ಟದ ಮೇಲೈತೆ. ಗೂಟದಲ್ಲಿರೋ ಹಳೇ ಪಂಚೆ ಗಂಟಲ್ಲೈತೆ ಕಣವ್ವಾ ಅನ್ನಾಕೆ ಬಾಯಿ ತೆಗೆದೆ ನೋಡು. ಬಂದ್ಬುಟ್ಟೆ."

ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುವೋ ನಾಚಿಕೆಯೋ, ಭುಜ ಮಾತ್ರ ಕುಲುಕುತ್ತಿತ್ತು.

"ನೀನ್ಯಾಕೆ ಎದ್ದು ಬಂದೆ?" ಎಂದು ಯಜಮಾನರು ಕೇಳಿದರು.

ಯೋಚನೆ ಮಾಡಬೇಕಾಯಿತು. "ನಿಮ್ಮ ತಮ್ಮ ಕೂಗಿದ್ರು. ನೀವು ಕಣ್ಣು ಬಿಟ್ಟ್ರಿ, ಮೇಲಕ್ಕೆ ಬಾ ಅಂತ."

"ಹಂಗಾರೆ ನಿನ್ನ ಎಬ್ಸಿದ್ದು ನಾನು. ನನ್ನ ಎಬ್ಸಿದ್ದು ಬೀಗದ ಕೈ." ಈಗ ನಕ್ಕರು. ನಗು ಕೆಮ್ಮಾಗಿ ತಿರುಗಿ ಸೊಸೆ ನೀರು ತಂದಳು.

ಕೆಮ್ಮು ನಿಂತ ಮೇಲೆ ಕೇಳಿದೆ. "ಯಾರೂ ಕೂಗದೇ ಇದ್ದಿದ್ರೆ?"

"ಅದು ನಂಗೂ ಗೊತ್ತಿಲ್ಲ ಕಣಪ್ಪ" ಎಂದು ಕಣ್ಣು ಮುಚ್ಚಿದರು. ನಿದ್ದೆ ಹೋದರು ಅಂದುಕೊಂಡು ಏಳುತ್ತಿದ್ದೆ, ಕೈ ಚಾಚಿದರು. "ತಾ ಇಲ್ಲಿ ಆ ಕಡ್ಡಿ." ಪಾದದ ಪಕ್ಕ ಹಿಡಿದುಕೊಂಡರು. ಎರಡು ಬೆರಳಷ್ಟು ಉದ್ದ ಉಳಿಯಿತು. "ಈ ಅಳತೇಲಿ ಕೂರ್ಸಿದ್ರೆ ನಾನು ಒಳಗೆ ಉರುಳಾಡ್ತೀನಿ. ಹೋಗ್ಲಿ ಬುಡು, ಬೆನ್ನು ಕೆರೆಯೋಕಾಯ್ತು." ಅಂಗಿಯ ಹಿಂದಿನಿಂದ ಇಳಿಬಿಟ್ಟು ಪರಪರ ಕೆರೆದುಕೊಂಡರು. ನನ್ನ ಮೈಯೆಲ್ಲ ಜುಂ ಅಂದಿತು. ಆಮೇಲೆ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡರು, ನನಗೆ ವಾಪಸ್ಸು ಕೊಡಲಿಲ್ಲ.

"ಇನ್ನು ಗುಂಡಿ. ಮಣ್ಣೆಳೆದ್ರೆ ತಾನೇ ದೋಷ? ಸಿಪ್ಪೆ ತುಂಬ್ರಲಾ. ಕಾಯಿ ಸುಲಿದ ಸಿಪ್ಪೆ ಬೆಟ್ಟ ಬಿದ್ದೈತೆ ಕಣದಲ್ಲಿ. ತೆಂಗಿನ ಸಾಲಲ್ಲಿ ಸಿಪ್ಪೆ ಗುಂಡಿ ತೆಗೆಯಾಕಿಲ್ವಾ ಯಾರೂ? ಸಿಪ್ಪೆ ಗುಂಡಿ ತೆಗೆಸಿದ್ದೆ ಅಂತ ಅಂದ್ಕೊ. ಎರಡು ಮರ ತಂಪಾಗಿರ್ತವೆ."

ಇಷ್ಟು ಸುಲಭದ ಮಾತು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ! ಯಜಮಾನರ ತಮ್ಮ ಸಿಪ್ಪೆಯನ್ನು ಟ್ರ್ಯಾಕ್ಟರಿನಲ್ಲಿ ಹೊಡೆಸಿದರು. ಬೇರೆ ಸಿಪ್ಪೆ ಗುಂಡಿ ಆಗಿದ್ದರೆ ಮೇಲಿಂದ ಸುರಿದು ಬರುತ್ತಿದ್ದೆ. ಇದಕ್ಕೆ ಇಳಿಯಲೇಬೇಕಿತ್ತು, ಮೊದಲು ಗೂಡು ತುಂಬಬೇಕು. ಕೆಳಗೆ ಹೋದರೆ ಅದೇ ತಂಪು, ಅದೇ ಮೌನ. ಗುರುತು ಕಣ್ಣೆದುರಿಗೇ ಇತ್ತು. ಕೂರಬೇಕು ಅನ್ನಿಸಿತು, ಒಂದೇ ಗಳಿಗೆ. ಕೂರದೆ ಸಿಪ್ಪೆಯನ್ನು ಬಟ್ಟಲು ಮೇಲಾಗಿ, ನೀರು ನಿಲ್ಲುವ ಹಾಗೆ ಜೋಡಿಸುತ್ತಾ ಹೋದೆ. ಗೂಡು ತುಂಬಿ, ನೆಲ ಮುಚ್ಚಿ, ಸಿಪ್ಪೆ ಏರಿದಂತೆ ನಾನೂ ಏರುತ್ತಾ ಬಂದೆ. ಸಂಜೆ ಮನೆಗೆ ಹೋಗಿ ಹೆಂಡತಿಗೆ ಮುಚ್ಚಿಯಾಯಿತು ಅಂದೆ. "ನನ್ನ ಮೇಲೆ ಆಣೆ ಮಾಡು" ಅಂದಳು. ಮಾಡಿದೆ.

ಒಂದೇ ದಿನಕ್ಕೆ ಎಲ್ಲ ಬಿಟ್ಟುಹೋಯಿತು ಅಂದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ಪಾದ ನೋಡುವ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಮಧ್ಯಾಹ್ನ ಆ ದಾರಿ ಹಿಡಿದ ಕಾಲು ತೋಟಕ್ಕೆ ತಿರುಗದೆ ಯಜಮಾನರ ಪಡಸಾಲೆಗೆ ತಿರುಗುವ ಹಾಗಾಯಿತು. ಊರು ಹೋಗು ಅಂತೈತೆ, ಕಾಡು ಬಾ ಅಂತೈತೆ, ನಡುವೆ ನೀನೊಬ್ಬ ದಿನಾ ಬರ್ತೀಯ ಎಂದು ಯಜಮಾನರು ರೇಗಿಸುತ್ತಿದ್ದರು. ಸಾವಿನ ಮಾತು ಅದಕ್ಕಿಂತ ಹೆಚ್ಚು ಆಡಲಿಲ್ಲ. ಕೂತು ಹೊಗೆಸೊಪ್ಪು ಹಾಕುತ್ತಿದ್ದೆವು, ಅವರ ಸೊಸೆ ಇಬ್ಬರಿಗೂ ಬಯ್ಯುತ್ತಿದ್ದಳು.

ಮಳೆಗಾಲ ಹಿಡಿಯುವ ಮುಂಚೆ ಮತ್ತೆ ಫೋನ್ ಬಂತು. "ಈ ಸಲ ನಿಜ ಕಣ್ಲಾ" ಎಂದು ಯಜಮಾನರ ತಮ್ಮ ಹೇಳಿದರು. "ಮೂಗಿನ ತಾವ ಕನ್ನಡಿ ಹಿಡಿದು ನೋಡಿದ್ದೀನಿ."

ಗೋಡೆಗೆ ಒರಗಿಸಿ ಕೂರಿಸಿದ್ದರು. ಪಾದ ಹಿಡಿದುಕೊಂಡೆ, ತಣ್ಣಗಿತ್ತು. ಎಷ್ಟು ಸಣ್ಣ ಪಾದ! ಕಡ್ಡಿ ಮುರಿಯುವಾಗ ಅಳು ಬಂತು. ಅಳತೆ ತೆಗೆಯುವಾಗ ನಾನು ಅತ್ತವನಲ್ಲ. ಸಿಪ್ಪೆ ಗುಂಡಿಯಿಂದ ದೂರ, ಬೇರೆ ಸಾಲಿನಲ್ಲಿ ತೋಡಿದೆ. ಕೆಮ್ಮಣ್ಣು, ಬೇರು, ಗರಸು. ಮೆಟ್ಟಿಲು ಬಿಟ್ಟು, ಗೂಡು ಕೊರೆದು, ನೆಲ ಸವರಿ, ಕೊನೆಯ ಕೆಲಸಕ್ಕೆ ಬಂದು ನಿಂತೆ.

ಕೂತೆ. ಚಿಕ್ಕ ಗೂಡು, ನಾನು ತಲೆ ತಗ್ಗಿಸಬೇಕಾಯಿತು, ಮಂಡಿ ಒತ್ತಿತು. ಆದರೂ ಆ ನೆಮ್ಮದಿ ಬಂತು. ಮೇಲಿನ ಸದ್ದೆಲ್ಲ ದೂರ ಸರಿಯಿತು, ದಣಿವು ನೆಲಕ್ಕೆ ಇಳಿಯತೊಡಗಿತು. ಯಾರಾದರೂ ಕೂಗಲಿ ಎಂದು ಕಾದೆ. ಮೇಲಿದ್ದವರಿಗೆ ಅವರವರ ದುಃಖ, ಅವರವರ ಕೆಲಸ. ಕಳೆದ ಸಲ ನನ್ನನ್ನು ಎಬ್ಬಿಸಿದ ಮನುಷ್ಯ ಮನೆಯೊಳಗೆ ವಿಭೂತಿ ಹಚ್ಚಿಸಿಕೊಂಡು ಕೂತಿದ್ದರು. ಇನ್ನೂ ಸ್ವಲ್ಪ ಹೊತ್ತು ಕಾದೆ. ಆಕಾಶ ಚೌಕವಾಗಿ ಸುಮ್ಮನಿತ್ತು.

"ಮೇಲೆ ಯಾರಿದ್ದೀರ್ರೀ? ಒಂದು ಲೋಟ ಕಾಫಿ ಕೊಡ್ತೀರಾ?" ಎಂದು ಇದ್ದಬದ್ದ ಉಸಿರೆಲ್ಲ ಹಾಕಿ ಕೂಗಿದೆ.

ಮೇಲ್ಗಡೆ ಧಡ್ ಎಂದು ಏನೋ ಬಿತ್ತು. ಯಾರೋ ಅಯ್ಯಯ್ಯೋ ಶಿವನೇ ಅಂದರು. ಬಿಲ್ವಪತ್ರೆಗಳು ಗುಂಡಿಯೊಳಕ್ಕೆ ಉದುರಿದವು. ಆಮೇಲೆ ಅಂಚಿನಲ್ಲಿ ಸೊಸೆಯ ಮುಖ, ಅತ್ತು ಅತ್ತು ಊದಿದ ಕಣ್ಣು, ಕೈಯಲ್ಲಿ ಖಾಲಿ ಬುಟ್ಟಿ.

"ಗುಂಡಿ ಒಳಗಿಂದ ಕಾಫಿ ಕೇಳ್ತೀಯಲ್ಲಣ್ಣ, ಎದೆ ಒಡ್ದೋಯ್ತು ನಂಗೆ! ಮಣ್ಣಾಗಗಂಟ ನಮ್ಮನೇಲಿ ಒಲೆ ಹಚ್ಚಂಗಿಲ್ಲ, ಗೊತ್ತಿಲ್ವಾ? ಪಕ್ಕದ ಮನೇಲಿ ಕಾಸಿಸ್ತೀನಿ, ಮೇಲಕ್ಕೆ ಬಾ."

"ಬಂದೆ ಕಣಕ್ಕ" ಎಂದು ಎದ್ದು ಮೆಟ್ಟಿಲ ಮೇಲೆ ಕಾಲಿಟ್ಟೆ.